ಹೊರುವವನಿಗೆ ಹೊರೆಯೊಳಗಿನ ಗೊಡವೆ ಏಕೆ?

ಪತ್ರ (ಸಂಗ್ರಹ): ದೂರಸಂಪರ್ಕ ನಿಯಮಗಳನ್ನು ತಿದ್ದಿ, ಭಾರಿ ದಟ್ಟಣೆ ಉಂಟುಮಾಡುವ ವಿಡಿಯೊ ಕಂಪನಿಗಳಿಂದ ಜಾಲ ಶುಲ್ಕ ವಸೂಲು ಮಾಡಬೇಕೆಂಬ ಪ್ರಸ್ತಾಪವನ್ನು ತಮ್ಮ ಪತ್ರಿಕೆ ವಿರೋಧಿಸುವುದೇಕೆ? ಹೆದ್ದಾರಿಯಲ್ಲಿ ಲಾರಿಗೆ ಹೆಚ್ಚು ಸುಂಕವಿಲ್ಲವೆ? ನಾನು ಬಳಸುವ ಬ್ರಾಡ್‌ಬ್ಯಾಂಡ್‌ನ ಬಿಲ್ಲನ್ನೂ ಲಗತ್ತಿಸಿದ್ದೇನೆ. ಈ ದರಕ್ಕೆ ಜಾಲ ಕಟ್ಟುವುದು ಹೇಗೆಂದು ತಾವೇ ನೋಡಿ.
– ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ ನಿವೃತ್ತರಾದ ಓದುಗರು

ಸಂಪಾದಕರ ಉತ್ತರ: ಕೈಬರಹದಲ್ಲಿ ಮೂರು ಪುಟ ಬರೆಯುವ ಓದುಗರು ಈಗ ಅಪರೂಪ, ವಾದವನ್ನು ಒಪ್ಪದಿದ್ದರೂ ತಮ್ಮ ಶ್ರಮಕ್ಕೆ ಮೊದಲು ನಮಸ್ಕಾರ. ನೆಲ ಅಗೆದು ಕೇಬಲ್ ಹಾಕುವವರು, ತರಂಗಾಂತರಕ್ಕೆ ಹಣ ಕಟ್ಟುವವರು ದೂರಸಂಪರ್ಕ ಕಂಪನಿಗಳೇ ಎಂಬ ತಮ್ಮ ಮಾತು ನಿಜ. ಅದನ್ನು ಅಲ್ಲಗಳೆಯಲಾರೆ.

ಆದರೆ ಅಂತರ್ಜಾಲದ ಲಾರಿ ತಾನಾಗಿ ಹೊರಡುವುದಿಲ್ಲ. ತಾವು ಕರೆದರೆ ಮಾತ್ರ ಬರುತ್ತದೆ, ಅದು ಬರುವ ದಾರಿಯ ಬಾಡಿಗೆಯನ್ನು ತಾವು ತಿಂಗಳು ತಿಂಗಳೂ ಕಟ್ಟುತ್ತಿದ್ದೀರಿ. ಆಚೆ ತುದಿಯ ಕಂಪನಿಯೂ ತನ್ನ ಸಂಪರ್ಕದ ವೆಚ್ಚವನ್ನು ತಾನೇ ಭರಿಸುತ್ತದೆ; ದೊಡ್ಡ ವಿಡಿಯೊ ಕಂಪನಿಗಳಂತೂ ತಮ್ಮ ಸರ್ವರ್‌ಗಳನ್ನು ಸೇವಾದಾರರ ಕಟ್ಟಡದೊಳಗೇ ತಂದಿಟ್ಟು, ದೂರದ ಸಾಗಣೆಯ ಖರ್ಚನ್ನು ಇಬ್ಬರಿಗೂ ತಗ್ಗಿಸಿವೆ. ಹೀಗಿರುವಾಗ ತಾವು ಬೇಡುತ್ತಿರುವುದು ಒಂದೇ ಮೂಟೆಗೆ ಇನ್ನೊಂದು ಸುಂಕ. ದಕ್ಷಿಣ ಕೊರಿಯಾದಲ್ಲಿ, ದಟ್ಟಣೆ ಕಳುಹಿಸುವ ಜಾಲ ಪಡೆಯುವ ಜಾಲಕ್ಕೆ ಹಣ ತೆರಬೇಕೆಂಬ ನಿಯಮ 2016ರಲ್ಲಿ ಬಂದಿತು. 2024ರ ಫೆಬ್ರುವರಿಯಲ್ಲಿ ನೇರಪ್ರಸಾರದ ವಿಡಿಯೊ ತಾಣ ಟ್ವಿಚ್ ಆ ದೇಶದ ಅಂಗಡಿ ಮುಚ್ಚಿತು. ಬೇರೆ ಬಹುತೇಕ ದೇಶಗಳಿಗಿಂತ ಅಲ್ಲಿ ಜಾಲ ಶುಲ್ಕ ಹತ್ತು ಪಟ್ಟು ಹೆಚ್ಚು ಎಂಬುದು ಅದು ಕೊಟ್ಟ ಕಾರಣ.

ಕರೆಗಳನ್ನು ತಾವಾಗಿಯೇ ಜೋಡಿಸುವ ಸ್ಟ್ರೌಜರ್ ಯಂತ್ರಗಳ ಟಕಟಕ ಸದ್ದಿನ ನಡುವೆ ನೌಕರಿ ಮಾಡಿದವರು ತಾವು. ಆ ಹೆಸರಿನ ಮನುಷ್ಯ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿ ನಡೆಸುತ್ತಿದ್ದವನು ಎಂಬುದು ತಮಗೆ ತಿಳಿದಿರಲೇಬೇಕು. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜ್‌ನ ಆಪರೇಟರ್ ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆಂದು ಸಂಶಯಪಟ್ಟೇ ಅವನು ಆಪರೇಟರ್ ಬೇಡದ ಯಂತ್ರವನ್ನು ಕಲ್ಪಿಸಿದನೆಂದು ಕತೆ. 1891ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಕರೆ ಯಾರದು, ಯಾರಿಗೆ ಲಾಭ ಎಂದು ಕೇಳದ ಯಂತ್ರವನ್ನು ಇಷ್ಟು ವರ್ಷ ಎಣ್ಣೆ ಹಾಕಿ ಸಾಕಿದ ತಾವೇ ಈಗ ಆಪರೇಟರನ್ನು ಮತ್ತೆ ಕುರ್ಚಿಗೆ ಕರೆಯುವುದೆ?

ಆ ಕುರ್ಚಿಯಲ್ಲಿ ಕೂತವರು ಎಂಥ ಸಣ್ಣತನಕ್ಕೂ ಹೇಸುವುದಿಲ್ಲ. ಪಕ್ಕದವರಿಗೆ ಮಾತು ಕೇಳಿಸದಿರಲೆಂದು ಫೋನಿನ ಬಾಯಿಗೆ ಸಿಕ್ಕಿಸುವ ಬಟ್ಟಲಿನಂಥ ಸಾಧನವೊಂದು ಅಮೆರಿಕದಲ್ಲಿತ್ತು, ಹೆಸರು ಹಷ್-ಎ-ಫೋನ್. ತಂತಿಗೆ ತಾಗದ ಆ ಬಟ್ಟಲನ್ನೂ ಟೆಲಿಫೋನ್ ಕಂಪನಿ ನಿಷೇಧಿಸಿತು, ಸರ್ಕಾರದ ನಿಯಂತ್ರಕರು ಹೂಂಗುಟ್ಟಿದರು. 1956ರಲ್ಲಿ ನ್ಯಾಯಾಲಯ ಬುದ್ಧಿ ಹೇಳಬೇಕಾಯಿತು. ಆ ಬಟ್ಟಲಿನ ದಾರಿಯಲ್ಲೇ ಹೊರಗಿನವರ ಸಾಧನಗಳನ್ನೂ ಟೆಲಿಫೋನ್ ಜಾಲಕ್ಕೆ ಜೋಡಿಸಬಹುದೆಂಬ 1968ರ ಕಾರ್ಟರ್‌ಫೋನ್ ತೀರ್ಮಾನ ಬಂದು, ಮುಂದೆ ಮೋಡೆಮ್‌ಗಳು ಗೋಡೆಯ ಸಾಕೆಟ್ಟಿಗೆ ಸೇರಿಕೊಂಡವು.

ಸುಧಾರಣೆ ಬೇಡವೆಂದಲ್ಲ. ಭಾಷೆಯಿಂದ ಆರಂಭವಾಗಲಿ. ಬ್ರಾಡ್‌ಬ್ಯಾಂಡ್ ಎಂಬ ಹೆಸರಿಗೆ ಭಾರತದಲ್ಲಿ ಕನಿಷ್ಠ 2 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗ ಸಾಕು. ಅಮೆರಿಕದಲ್ಲಿ 2024ರಿಂದ 100 ಬೇಕು. ನನ್ನ ಸಂಪರ್ಕ ಕಳೆದ ವರ್ಷ ವಾರಗಟ್ಟಲೆ ತೆವಳುತ್ತಿದ್ದಾಗ ಕರೆ ಮಾಡಿದೆ. ಆ ಕಡೆಯ ಹುಡುಗ ಬಹಳ ವಿನಯದಿಂದ, "ನಾವು 100ರವರೆಗೆ ಎಂದೇ ಹೇಳಿದ್ದೇವೆ ಸರ್, 9 ಕೂಡ ಅದರೊಳಗೇ ಬರುತ್ತದಲ್ಲ" ಎಂದ. ನಲವತ್ತು ವರ್ಷ ಕರಡು ತಿದ್ದಿದವನಿಗೆ ಒಂದು ಅವ್ಯಯ ಇಷ್ಟು ದುಬಾರಿಯಾಗಿ ಕಂಡದ್ದು ಅದೇ ಮೊದಲು. ಕನಿಷ್ಠ ವೇಗವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಬೇಕೆಂಬ ಒಂದು ಸಾಲನ್ನು ಯಾವ ಮಸೂದೆಯಲ್ಲಿ ಹಾಕಿದರೂ, ಅದನ್ನು ನಮ್ಮ ಪತ್ರಿಕೆ ಮುಖಪುಟದಲ್ಲಿ ಬೆಂಬಲಿಸುತ್ತದೆ.

ತಾವು ಲಗತ್ತಿಸಿದ ಬಿಲ್ಲನ್ನು ಭೂತಗನ್ನಡಿ ಹಿಡಿದು ಓದಿದೆ. ಎರಡನೆಯ ಪುಟದ ಅಡಿಯಲ್ಲಿ, ತೆರಿಗೆಯ ವಿವರಗಳ ಕೆಳಗೆ, ಅಲ್ಲಿಯೂ "ವರೆಗೆ" ಎಂದೇ ಇದೆ.