ನಂಬಿಕೆಯ ಪತ್ರಕ್ಕೆ ಸಹಿ ಹಾಕಬೇಕೆ?

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್ ಸಮೀಪ ನೆಲೆಸಿರುವ ಕನ್ನಡಿಗರು. ಎಂಟು ವರ್ಷದ ಮಗಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದೇವೆ. ಅವಳಿಗೆ ಜೊತೆ ಸಿಗಲೆಂದು, ಚರ್ಚಿನ ಸಭಾಂಗಣದಲ್ಲಿ ವಾರಕ್ಕೊಮ್ಮೆ ಸೇರುವ ಮನೆಶಾಲೆ ಕುಟುಂಬಗಳ ಕೋ-ಆಪ್ ಒಂದಕ್ಕೆ ಸೇರಿಸಲು ಹೋದೆವು. ಅರ್ಜಿಯ ಜೊತೆಗಿದ್ದ ನಂಬಿಕೆಯ ಪತ್ರದಲ್ಲಿ, ಬೈಬಲ್ ತಪ್ಪಿಲ್ಲದ ದೇವವಾಣಿಯೆಂದೂ ಯೇಸು ಒಬ್ಬನೇ ರಕ್ಷಕನೆಂದೂ ಒಪ್ಪಿ ತಂದೆ ತಾಯಿ ಇಬ್ಬರೂ ಸಹಿ ಹಾಕಬೇಕಂತೆ. ನಾವು ಮನೆಯಲ್ಲಿ ಇಷ್ಟಲಿಂಗ ಪೂಜೆ ಮಾಡುವವರು. ‘ಅದೇನು ಬರೀ ಕಾಗದ, ಸಹಿ ಹಾಕಿಬಿಡಿ’ ಎನ್ನುತ್ತಾರೆ ಪರಿಚಯದವರು. ಎಚ್‌ಎಸ್‌ಎಲ್‌ಡಿಎ ಎಂಬ, ಮನೆಶಾಲೆ ಕುಟುಂಬಗಳಿಗೆ ಕಾನೂನು ನೆರವು ಕೊಡುವ ಸಂಸ್ಥೆಯ ಸದಸ್ಯತ್ವ ಇಲ್ಲದಿದ್ದರೆ ಮುಂದೆ ಕಾನೂನಿನ ತೊಡಕಾದೀತೆಂದೂ ಹೆದರಿಸುತ್ತಾರೆ. ಆ ಸಂಸ್ಥೆಯ ರಾಜಕೀಯ ನಮಗೆ ಒಪ್ಪಿಗೆಯಿಲ್ಲ. ಏನು ಮಾಡಲಿ?
– ಹೆಸರು ಬೇಡ, ಟೆಕ್ಸಾಸ್

ಉತ್ತರ: ಮೊದಲನೆಯದಕ್ಕೆ ನನ್ನ ಉತ್ತರ ಚಿಕ್ಕದು: ಸಹಿ ಹಾಕಬೇಡಿ. ಆ ಪತ್ರ ಬರೆದವರಿಗೆ ಅದು ಬರೀ ಕಾಗದವಲ್ಲ. ಖಾಸಗಿ ಗುಂಪಾಗಿ ತಮ್ಮ ನಂಬಿಕೆಯವರನ್ನಷ್ಟೇ ಸೇರಿಸಿಕೊಳ್ಳಲು ಅವರಿಗೆ ಸ್ವಾತಂತ್ರ್ಯವಿದೆ. ಸುಳ್ಳು ಸಹಿಯಿಂದ ಒಳಗೆ ಹೋದರೆ, ಮಗಳು ಎಂದೋ ಒಂದು ದಿನ ಮನೆಯ ಪೂಜೆಯ ಮಾತೆತ್ತಿದಾಗ ಮುಜುಗರಕ್ಕೆ ಸಿಕ್ಕುವವಳು ಅವಳೇ. ಅಲ್ಲದೆ ಇಂಥ ಗುಂಪುಗಳಲ್ಲಿ ಕೆಲವು ವಿಜ್ಞಾನದ ಪಾಠಕ್ಕೂ, ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸು ಎನ್ನುವ ಪಠ್ಯಗಳನ್ನು ಬಳಸುತ್ತವೆ.

ಎರಡನೆಯ ವಿಷಯಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಅಮೆರಿಕದ ಮನೆಶಾಲೆ ಚಳವಳಿ ಹುಟ್ಟಿನಿಂದಲೇ ಒಂದೇ ಮತದವರದಾಗಿರಲಿಲ್ಲ. ಶಾಲೆಯ ಕಟ್ಟುಪಾಡುಗಳು ಮಗುವಿನ ಸಹಜ ಕುತೂಹಲವನ್ನು ಕೊಲ್ಲುತ್ತವೆಂದು ವಾದಿಸಿದ ಜಾನ್ ಹೋಲ್ಟ್ 1977ರಲ್ಲಿ ಇಂಥ ಕುಟುಂಬಗಳಿಗಾಗಿ ಒಂದು ಪತ್ರಿಕೆಯನ್ನೇ ಆರಂಭಿಸಿದರು. ಅವರ ವಾದದಲ್ಲಿ ಧರ್ಮಕ್ಕೆ ಪಾತ್ರವಿರಲಿಲ್ಲ. ಅದೇ ಕಾಲದಲ್ಲಿ, ಎಳೆಯ ಮಕ್ಕಳನ್ನು ಅವಸರದಿಂದ ಶಾಲೆಗೆ ಕಳಿಸಬಾರದೆಂದ ರೇಮಂಡ್ ಮತ್ತು ಡೊರೊತಿ ಮೂರ್ ದಂಪತಿ ಅಡ್ವೆಂಟಿಸ್ಟ್ ಕ್ರೈಸ್ತರಾಗಿದ್ದೂ ಎಲ್ಲರೊಡನೆ ಕೆಲಸ ಮಾಡಿದರು. 1983ರಲ್ಲಿ ಮೈಕೆಲ್ ಫ್ಯಾರಿಸ್ ಮತ್ತು ಮೈಕ್ ಸ್ಮಿತ್ ಎಂಬ ವಕೀಲರು ಎಚ್‌ಎಸ್‌ಎಲ್‌ಡಿಎ ಕಟ್ಟಿದ ಮೇಲೆ, ಬೈಬಲನ್ನೇ ಪರಮ ಪ್ರಮಾಣವೆಂದು ನಂಬುವ ಇವಾಂಜೆಲಿಕಲ್ ಕ್ರೈಸ್ತ ಕುಟುಂಬಗಳು ಅಪಾರ ಸಂಖ್ಯೆಯಲ್ಲಿ ಬಂದು ಸೇರಿ, ಚಳವಳಿಯ ದನಿಯೇ ಬದಲಾಯಿತು, ಬೇರೆ ನಂಬಿಕೆಯವರು ಹೊರಗುಳಿಯಬೇಕಾಯಿತು. ಈ ಹೊರಗಿಡುವಿಕೆಯ ಬಗ್ಗೆ ಸ್ವತಃ ರೇಮಂಡ್ ಮೂರ್ ಅವರೇ 1994ರಲ್ಲಿ ಬಹಿರಂಗವಾಗಿ ನೊಂದು ಬರೆದರು.

ಅದೇ ವರ್ಷ ಅಮೆರಿಕದ ಸಂಸತ್ತಿನ ಮುಂದಿದ್ದ ಎಚ್.ಆರ್. 6 ಎಂಬ ಶಿಕ್ಷಣ ಮಸೂದೆಯಲ್ಲಿ, ಬೋಧಿಸುವವರಿಗೆ ಆಯಾ ವಿಷಯದ ಪ್ರಮಾಣಪತ್ರ ಇರಬೇಕೆಂಬ ಒಂದು ಷರತ್ತು ಬಂತು. ಅದು ಮನೆಯಲ್ಲಿ ಕಲಿಸುವ ತಾಯಂದಿರಿಗೂ ಅನ್ವಯಿಸೀತೆಂದು ಎಚ್‌ಎಸ್‌ಎಲ್‌ಡಿಎ ಕರೆ ಕೊಟ್ಟಾಗ ವಾಷಿಂಗ್ಟನ್ನಿನ ಸಂಸತ್ತಿನ ದೂರವಾಣಿ ವಿನಿಮಯ ಕೇಂದ್ರಕ್ಕೇ ಉಸಿರುಗಟ್ಟುವಷ್ಟು ಕರೆಗಳು ಬಂದವು. ಆ ಷರತ್ತು ಕೆಳಮನೆಯಲ್ಲಿ 424–1 ಮತಗಳಿಂದ ಬಿದ್ದುಹೋಯಿತು. ಅಪಾಯವನ್ನು ಹಿಗ್ಗಿಸಿ ತೋರಿಸಲಾಯಿತೆಂದು ಮನೆಶಾಲೆಯವರಲ್ಲೇ ಕೆಲವರು ಆಗಲೇ ಆಕ್ಷೇಪಿಸಿದ್ದರು. ಅದೇನೇ ಇರಲಿ, ಆ ಸಂಘಟನಾ ಶಕ್ತಿಯ ಫಲವನ್ನು ಬೇರೆ ನಂಬಿಕೆಯ ಕುಟುಂಬಗಳೂ ಉಂಡಿವೆ ಎನ್ನುವುದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಎಚ್‌ಎಸ್‌ಎಲ್‌ಡಿಎ ತಾನು ಕ್ರೈಸ್ತ ಸಂಸ್ಥೆಯೆಂದು ಮುಚ್ಚಿಡುವುದಿಲ್ಲ, ಆದರೆ ಸದಸ್ಯತ್ವಕ್ಕೆ ಯಾವ ಧರ್ಮದ ಸಹಿಯನ್ನೂ ಕೇಳುವುದಿಲ್ಲ. ಆದ್ದರಿಂದ ನೀವು ಸೇರಬಹುದು. ಸೇರಬೇಕೆ ಎಂಬುದು ಬೇರೆ ಮಾತು. ನೀವು ಕಟ್ಟುವ ಶುಲ್ಕ ವಕೀಲರ ನೆರವಿಗೆ ಮಾತ್ರ ಹೋಗುವುದಿಲ್ಲ. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅಮೆರಿಕ ಒಪ್ಪಬಾರದೆಂಬ ಹೋರಾಟವೂ ಆ ಸಂಸ್ಥೆಯದೇ. ಮನೆಶಾಲೆಗೆ ಕನಿಷ್ಠ ಮೇಲ್ವಿಚಾರಣೆ ಬೇಕೆಂದು, ಮನೆಯಲ್ಲೇ ಕಲಿತು ಬೆಳೆದವರು 2013ರಲ್ಲಿ ಕಟ್ಟಿದ ‘ಕೊಯಲಿಷನ್ ಫಾರ್ ರೆಸ್ಪಾನ್ಸಿಬಲ್ ಹೋಮ್ ಎಜುಕೇಷನ್’ ಸಂಸ್ಥೆಯ ವಾದವನ್ನೂ, ಸೇರುವ ಮುನ್ನ ಒಮ್ಮೆ ಓದಿ.

ನಿಮ್ಮ ಭಯಕ್ಕಂತೂ ಟೆಕ್ಸಾಸಿನಲ್ಲಿ ಆಧಾರ ಕಡಿಮೆ. ಲೀಪರ್ ಪ್ರಕರಣದಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಮನೆಶಾಲೆಯನ್ನು ಖಾಸಗಿ ಶಾಲೆಯೆಂದೇ ಮಾನ್ಯ ಮಾಡಿದೆ. ಓದುವಿಕೆ, ಕಾಗುಣಿತ, ವ್ಯಾಕರಣ, ಗಣಿತ ಮತ್ತು ಉತ್ತಮ ಪೌರತ್ವ, ಇವಿಷ್ಟನ್ನು ಒಳಗೊಂಡ ಪಠ್ಯಕ್ರಮವಿದ್ದು ಪ್ರಾಮಾಣಿಕವಾಗಿ ಕಲಿಸುತ್ತಿದ್ದರೆ ಸಾಕು. ಮಗಳನ್ನು ಬಿಡಿಸಿದಾಗ ಶಾಲೆಗೆ ಕೊಟ್ಟ ಪತ್ರದ ಪ್ರತಿಯನ್ನೂ, ಯಾವ ದಿನಾಂಕದಿಂದ ಯಾವ ಪಠ್ಯಕ್ರಮ ಆರಂಭಿಸಿದಿರಿ ಎಂಬ ಬರಹವನ್ನೂ ಜೋಪಾನವಾಗಿಡಿ. ಸಾಮಾನ್ಯವಾಗಿ ಶಾಲೆಯವರು ವಿಚಾರಿಸುವುದು ಇವನ್ನೇ. ನಿಮ್ಮ ಜಾಗದಲ್ಲಿ ನಾನಿದ್ದರೆ ಸದ್ಯಕ್ಕೆ ಸದಸ್ಯತ್ವ ಪಡೆಯುತ್ತಿರಲಿಲ್ಲ. ಕಾನೂನು ಕಠಿಣವಾಗಿರುವ ನ್ಯೂಯಾರ್ಕಿನಂಥ ರಾಜ್ಯಕ್ಕೆ ವರ್ಗವಾದರೆ ಮತ್ತೆ ಯೋಚಿಸುತ್ತಿದ್ದೆ.

ಜೊತೆಗಾರರಿಗಾಗಿ, ‘ಸೆಕ್ಯುಲರ್’ ಅಥವಾ ‘ಇನ್‌ಕ್ಲೂಸಿವ್’ ಎಂದು ಹೇಳಿಕೊಳ್ಳುವ ಕೋ-ಆಪ್‌ಗಳನ್ನು ಹುಡುಕಿ. ಇನ್‌ಕ್ಲೂಸಿವ್ ಎಂದರೆ ಎಲ್ಲರಿಗೂ ಪ್ರವೇಶವಿದೆ ಎಂದಷ್ಟೇ. ಪಾಠ ಧರ್ಮದಿಂದ ಹೊರತಾಗಿರುತ್ತದೆಂದಲ್ಲ. ಆದ್ದರಿಂದ ಹಣ ಕಟ್ಟುವ ಮೊದಲು ವಿಜ್ಞಾನ ಮತ್ತು ಇತಿಹಾಸಕ್ಕೆ ಯಾವ ಪುಸ್ತಕ ಬಳಸುತ್ತಾರೆ, ಪಾಠಕ್ಕೆ ಮುನ್ನ ಪ್ರಾರ್ಥನೆ ಉಂಟೆ, ಪಾಠ ಮಾಡುವ ಸರದಿ ನಿಮಗೂ ಬಂದಾಗ ವಿಷಯದ ಆಯ್ಕೆ ಯಾರದು ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.