ಯೂನಿಟ್ ಎಲ್ಲಿ ಹೋಯಿತು?

ಈ ಸಲದ ಅಂಚೆಯಲ್ಲಿ ಕರೆಂಟ್ ಬಿಲ್ಲಿನ ಕಾಗದಗಳೇ ಹೆಚ್ಚು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿಕೊಂಡಿದ್ದವಳು ನಾನು. ಈಗ ಮನೆ, ಅಂಗಡಿ, ಗಿರಣಿಗಳಿಗೆ ಹೋಗಿ ಕರೆಂಟ್ ಎಲ್ಲಿ ಪೋಲಾಗುತ್ತಿದೆ ಅಂತ ಅಳೆದು ಹೇಳುವುದೇ ಕೆಲಸ. ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಮೇಡಂ, ನಮ್ಮದು ಗೃಹಜ್ಯೋತಿ ಮನೆ. ನಮಗೆ ಸಿಕ್ಕಿರುವ ಮಿತಿ 148 ಯೂನಿಟ್. ಏಪ್ರಿಲ್‌ನಲ್ಲಿ 207 ಆಗಿ ಪೂರ್ತಿ ಬಿಲ್ ಕಟ್ಟಬೇಕಾಯಿತು. ನಮ್ಮನೆಯವರು ಮಿಕ್ಸಿ ಮುಟ್ಟಬೇಡ, ಒರಳಲ್ಲಿ ರುಬ್ಬಿಕೋ ಅಂತಾರೆ. ನಾಲ್ಕು ಜನ ಇದ್ದೇವೆ. ಮೂರು ಫ್ಯಾನು, ಗೀಸರು, ಹಳೇ ಫ್ರಿಡ್ಜು, ಟಿ.ವಿ. ಇವೆ. ಏನು ಮಾಡಲಿ?
— ಗೃಹಿಣಿ, ತಿಪಟೂರು

ಮಿಕ್ಸಿ ಬಿಡಬೇಡಿ. 750 ವ್ಯಾಟಿನ ಮಿಕ್ಸಿಯನ್ನು ದಿನಾ ಹತ್ತು ನಿಮಿಷ ಓಡಿಸಿದರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟುವುದಿಲ್ಲ. ಈ ಲೆಕ್ಕವನ್ನು ನಿಮ್ಮ ಯಜಮಾನರಿಗೆ ಇವತ್ತೇ ತೋರಿಸಿ. ಬಿಲ್ ಏರಿದ ಕೂಡಲೇ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಹೆಂಗಸರ ಕೈಕೆಲಸ ಹಗುರ ಮಾಡುವ ಸಾಮಾನುಗಳ ಮೇಲೆ. ನನಗೆ ಇದನ್ನು ನೋಡಿದರೆ ಸಂಕಟವಾಗುತ್ತದೆ. ಸದ್ದು ಮಾಡುವುದೆಲ್ಲ ಕರೆಂಟ್ ತಿನ್ನುತ್ತದೆ ಅನ್ನುವುದು ಬರೀ ಭ್ರಮೆ. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಹಾಗಾಗಿ ಎಷ್ಟು ವ್ಯಾಟ್ ಅನ್ನುವುದರ ಜೊತೆಗೆ ಎಷ್ಟು ಹೊತ್ತು ಅಂತಲೂ ಕೇಳಬೇಕು.

ನಿಮ್ಮ ಫ್ಯಾನುಗಳನ್ನೇ ತೆಗೆದುಕೊಳ್ಳಿ. ಹಳೇ ಮಾದರಿಯ ಫ್ಯಾನ್ ಫುಲ್ ಸ್ಪೀಡಿನಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಮೂರು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 67 ಯೂನಿಟ್. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನ್ ಅದೇ ಗಾಳಿಯನ್ನು 30 ವ್ಯಾಟ್ ಆಸುಪಾಸಿನಲ್ಲಿ ಕೊಡುತ್ತದೆ, ಅಂದರೆ ಮೂರಕ್ಕೂ ಸೇರಿ 27 ಯೂನಿಟ್. ಒಟ್ಟಿಗೆ ಮೂರನ್ನೂ ಕೊಳ್ಳಲು ದುಡ್ಡು ಸಾಲದಿದ್ದರೆ ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯ ಫ್ಯಾನನ್ನು ಮೊದಲು ಬದಲಾಯಿಸಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಚೀಟಿ ಕಡ್ಡಾಯವಾಗಿದೆ. ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ಬಿಟ್ಟು ಚೀಟಿ ನೋಡಿ ಕೊಳ್ಳಿ.

ಗೀಸರ್ 2000 ವ್ಯಾಟಿನದು. ನಾಲ್ಕು ಜನರ ಸ್ನಾನಕ್ಕೆ ದಿನಾ ಮುಕ್ಕಾಲು ಗಂಟೆ ಕಾದರೂ ತಿಂಗಳಿಗೆ 45 ಯೂನಿಟ್. ನಿಮ್ಮದು ತೆಂಗಿನ ಸೀಮೆ. ಹಿತ್ತಲಲ್ಲಿ ಹಂಡೆ ಒಲೆ ಇನ್ನೂ ಇದ್ದು, ಗರಿ, ಮಟ್ಟೆ, ಸಿಪ್ಪೆ ಸಿಗುವುದಾದರೆ ಬೇಸಿಗೆಯ ಎರಡು ಮೂರು ತಿಂಗಳು ಅದರಲ್ಲೇ ನೀರು ಕಾಯಿಸಿ. ಆದರೆ ಆ ಹೊಗೆಯಲ್ಲಿ ಕೂರುವವರು ಮತ್ತೆ ನೀವೊಬ್ಬರೇ ಆಗುವ ಹಾಗಿದ್ದರೆ ಅದು ಬೇಡ, ಸೋಲಾರ್ ಹೀಟರಿಗೆ ದುಡ್ಡು ಕೂಡಿಡಿ.

ಟಿ.ವಿ. ರಿಮೋಟಿನಲ್ಲಿ ಆರಿಸಿದ ಮೇಲೂ ಸೆಟ್‌ಟಾಪ್ ಬಾಕ್ಸ್ ಬೆಚ್ಚಗೇ ಇರುತ್ತದಲ್ಲ, ಮುಟ್ಟಿ ನೋಡಿ. ಹತ್ತು ವ್ಯಾಟಿನಂತೆ ದಿನಕ್ಕೆ ಇಪ್ಪತ್ತು ಗಂಟೆ ಸುಮ್ಮನೆ ಉರಿದರೆ ತಿಂಗಳಿಗೆ ಆರು ಯೂನಿಟ್. ನೀವು 200ರ ಗೆರೆ ದಾಟಿದ್ದು ಏಳರಿಂದ! ಮಿತಿ ಮೀರಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ, 200 ದಾಟಿದರೆ ಪೂರ್ತಿ ಬಿಲ್. ಗೋಡೆಯ ಸ್ವಿಚ್ಚನ್ನೇ ಆರಿಸಿ.

ಫ್ರಿಡ್ಜಿನ ಬಾಗಿಲಿಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಬಾಗಿಲಿನ ರಬ್ಬರ್ ಹೋಗಿದೆ ಅಂತ ಅರ್ಥ. ಹೊಸ ಫ್ರಿಡ್ಜಿಗಿಂತ ಹೊಸ ರಬ್ಬರ್ ಬಹಳ ಅಗ್ಗ.

ಇನ್ನೊಂದು ಪರೀಕ್ಷೆ ಮಾಡಿ, ಮಕ್ಕಳನ್ನೂ ಕರೆದುಕೊಳ್ಳಿ. ನಿಮ್ಮ ಮೀಟರಿನ ಮುಖದಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ 3200 ಅಂತಲೋ 1600 ಅಂತಲೋ ಬರೆದಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಮನೆಯದೆಲ್ಲ ಆರಿಸಿ ಒಂದೇ ಫ್ಯಾನ್ ಹಾಕಿ. 3200ರ ಮೀಟರಿನಲ್ಲಿ ಹಳೇ ಫ್ಯಾನಿಗೆ ನಿಮಿಷಕ್ಕೆ ನಾಲ್ಕು ಮಿಣುಕು. ಫ್ಯಾನ್ ಆರಿಸಿ ಗೀಸರ್ ಹಾಕಿ ನೋಡಿ, ಎಣಿಸಲು ಉಸಿರು ಸಾಲದಷ್ಟು, ನಿಮಿಷಕ್ಕೆ ನೂರು ದಾಟುತ್ತದೆ. ಎಲ್ಲವನ್ನೂ ಆರಿಸಿದ ಮೇಲೂ ಅದು ಮಿಣುಕುತ್ತಲೇ ಇದ್ದರೆ ಎಲ್ಲೋ ಏನೋ ಹರಿಯುತ್ತಿದೆ, ವೈರ್‌ಮ್ಯಾನ್ ಕರೆಸಿ.

ಸಂತೆಯಲ್ಲಿ ಒಬ್ಬರು ಪ್ಲಗ್ಗಿಗೆ ಹಾಕುವ ಡಬ್ಬಿ ಮಾರುತ್ತಿದ್ದಾರೆ. ಬಿಲ್ ಅರ್ಧಕ್ಕರ್ಧ ಇಳಿಯುತ್ತದಂತೆ. ಕೊಳ್ಳಬಹುದೇ?
— ನಿವೃತ್ತ ಶಿಕ್ಷಕರು, ರಾಮನಗರ

ಬೇಡ ಸರ್. ನಾನು ಬಿಚ್ಚಿ ನೋಡಿದ್ದೇನೆ. ಒಳಗೆ ಒಂದು ಸಣ್ಣ ಕೆಪ್ಯಾಸಿಟರು, ಒಂದು ಹಸಿರು ದೀಪ, ಅಷ್ಟೇ. ಮನೆಯ ಮೀಟರ್ ಎಣಿಸುವ ಯೂನಿಟ್ಟನ್ನು ಕೆಪ್ಯಾಸಿಟರ್ ಇಳಿಸುವುದಿಲ್ಲ. ನಿಮ್ಮ ಮನೆಯಲ್ಲಿ ದೊಡ್ಡ ಚೌಕದ ಹಳೇ ಫ್ಯಾನ್ ರೆಗ್ಯುಲೇಟರ್ ಇದ್ದರೆ ಅದೇ ದುಡ್ಡಿಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿ. ಹಳೆಯದು ಫ್ಯಾನನ್ನು ನಿಧಾನ ಮಾಡಿ ಉಳಿದದ್ದನ್ನು ಬಿಸಿಯಾಗಿ ಕಳೆಯುತ್ತದೆ.

ಮೇಡಂ ಅವರ, ನಮ್ದು ಬ್ಯಾಡಗಿಯೊಳಗ ಹಿಟ್ಟಿನ ಗಿರಣಿ ಐತ್ರಿ. 10 ಎಚ್‌ಪಿ ಮೋಟಾರು, ಮೂರು ಸಲ ವೈಂಡಿಂಗ್ ಮಾಡಿಸೇವಿ. ಬೀಸೂ ಜ್ವಾಳ ಮೊದಲಿನಷ್ಟ ಐತಿ, ಬಿಲ್ ಮಾತ್ರ ಏರಾಕತ್ತೈತಿ. ಹೊಸಾ ಮೋಟಾರ ತಗೋಬೇಕೋ ಬ್ಯಾಡೋ?
— ಗಿರಣಿ ಮಾಲೀಕರು, ಬ್ಯಾಡಗಿ

ತಗೊಳ್ಳಿ, ಆದರೆ ಅದಕ್ಕಿಂತ ಮೊದಲು ಬೆಲ್ಟ್ ನೋಡಿ. ಮೂರರಲ್ಲಿ ಒಂದು ಹರಿದಾಗ ಅದೊಂದನ್ನೇ ಹೊಸದು ಹಾಕುವುದು ಎಲ್ಲ ಗಿರಣಿಗಳ ರೂಢಿ. ಹಾಗೆ ಮಾಡಿದರೆ ಭಾರವೆಲ್ಲ ಆ ಹೊಸದರ ಮೇಲೆ ಬಿದ್ದು, ಹಳೆಯವೆರಡು ಸಡಿಲಾಗಿ ಪುಲ್ಲಿಯ ಮೇಲೆ ಜಾರುತ್ತವೆ. ಪುಲ್ಲಿಯ ಕೆಳಗೆ ಕರಿ ಪುಡಿ ಉದುರಿದ್ದರೆ ನಿಮ್ಮ ಕರೆಂಟು ಅಲ್ಲಿ ರಬ್ಬರ್ ತೇಯುತ್ತಿದೆ. ಮೂರನ್ನೂ ಒಟ್ಟಿಗೆ ಬದಲಾಯಿಸಿ. ಕಲ್ಲು ಕುಟ್ಟಿಸಿ ಎಷ್ಟು ದಿನವಾಯಿತು? ಹಲ್ಲು ಸವೆದ ಕಲ್ಲಿನಲ್ಲಿ ಅದೇ ಜೋಳಕ್ಕೆ ಹೆಚ್ಚು ಹೊತ್ತು ಬೇಕು, ಹಿಟ್ಟೂ ಕಾಯುತ್ತದೆ. ರೊಟ್ಟಿ ಮುರಿಯುತ್ತದೆ ಅಂತ ಗಿರಾಕಿಗಳು ಹೇಳುತ್ತಿದ್ದರೆ ಅದನ್ನು ಬಿಲ್ಲಿನ ಜೊತೆ ಸೇರಿಸಿ ಓದಿ. ಬಂದ ಒಂದೊಂದೇ ಡಬ್ಬಿಗೆ ಮೋಟಾರ್ ಚಾಲೂ ಮಾಡಬೇಡಿ. ನಾಲ್ಕೈದು ಡಬ್ಬಿ ಕೂಡಲಿ.

ಇನ್ನು ಮೋಟಾರು. ಹೊಸದಾಗಿದ್ದಾಗ ನಿಮ್ಮ ಹಳೇ ಮಾದರಿಯ ದಕ್ಷತೆ ಶೇ. 86 ಇದ್ದಿರಬಹುದು. ವೈಂಡಿಂಗನ್ನು ಬಿಸಿ ಮಾಡಿ ಕಿತ್ತು, ತಂತಿಯ ಗೇಜು ಹೆಚ್ಚು ಕಡಿಮೆ ಮಾಡಿ ಸುತ್ತಿದರೆ ಪ್ರತಿ ಸಲ ಒಂದೆರಡು ಶೇಕಡಾ ಕಳೆದುಹೋಗುತ್ತದೆ. 82ಕ್ಕೆ ಇಳಿದಿದೆ ಅಂದುಕೊಳ್ಳೋಣ. ಕಡಿಮೆ ಕರೆಂಟಿನಲ್ಲಿ ಅದೇ ಕೆಲಸ ಮಾಡುವ ಐಇ-3 ದರ್ಜೆಯ 10 ಎಚ್‌ಪಿ ಮೋಟಾರಿನದು ಶೇ. 90.4. ಪೂರ್ತಿ ಲೋಡಿನಲ್ಲಿ ತಿಂಗಳಿಗೆ 150 ಗಂಟೆ ಓಡಿದರೆ ಹೆಚ್ಚೂಕಡಿಮೆ 125 ಯೂನಿಟ್ ವ್ಯತ್ಯಾಸ. ಅದನ್ನು ನಿಮ್ಮ ಬಿಲ್ಲಿನ ದರದಿಂದ ಗುಣಿಸಿ, ಹೊಸ ಮೋಟಾರಿನ ಬೆಲೆ ಎಷ್ಟು ತಿಂಗಳಲ್ಲಿ ಹುಟ್ಟುತ್ತದೆ ಅಂತ ನೀವೇ ನೋಡಿ. ಮೋಟಾರ್ ಸುಟ್ಟ ದಿನ, ಗಿರಾಕಿಗಳು ಕಾಯುತ್ತಿರುವಾಗ ಯಾರೂ ಈ ಲೆಕ್ಕ ಹಾಕುವುದಿಲ್ಲ, ಮತ್ತೆ ವೈಂಡಿಂಗಿಗೇ ಒಯ್ಯುತ್ತಾರೆ. ಆ ಲೆಕ್ಕವನ್ನು ಈಗ ಓಡುತ್ತಿರುವಾಗಲೇ ಹಾಕಿ. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡ ಅಂತ ಒಂದು ಸಾಲು ಇದೆಯೇ ನೋಡಿ, ಮೋಟಾರು ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟನ್ನು ತಂತಿಯಲ್ಲಿ ಎಳೆದಾಗ ಬೀಳುವ ದಂಡ ಅದು. ಇದ್ದರೆ ಆ ಎಳೆತ ತಗ್ಗಿಸುವ ಕೆಪ್ಯಾಸಿಟರ್ ಸತ್ತಿರಬಹುದು. ಮನೆಗೆ ಅದು ಬೇಡ ಅಂದೆ, ಆದರೆ ಈ ದಂಡ ಬೀಳುವ ಗಿರಣಿಗೆ ಬೇಕೇ ಬೇಕು.

ನಮ್ಮ ಮನೆಗೆ ಸೊನ್ನೆ ಬಿಲ್ ಬರುತ್ತದೆ. ಹಾಗಿದ್ದ ಮೇಲೆ ಕರೆಂಟ್ ಉಳಿಸಿ ನಮಗೇನು ಲಾಭ?
— ಪದವಿ ವಿದ್ಯಾರ್ಥಿನಿ, ಸಾಗರ

ಸಾಗರದಿಂದ ಈ ಪ್ರಶ್ನೆ ಬಂದದ್ದು ನನಗೆ ಖುಷಿ. ಸೊನ್ನೆ ಬಿಲ್ಲಿನ ಕರೆಂಟಿಗೂ ಹಣ ಸಂದಾಯವಾಗುತ್ತದೆ, ಸರಕಾರ ನಿಮ್ಮ ಪರವಾಗಿ ಕರೆಂಟ್ ಕೊಡುವ ಕಂಪನಿಗೆ, ಅಂದರೆ ಎಸ್ಕಾಂಗೆ, ತುಂಬಿಕೊಡುತ್ತದೆ. ಅದಕ್ಕಿಂತ ದೊಡ್ಡ ಬೆಲೆ ಏನು ಅನ್ನುವುದನ್ನು ನಿಮ್ಮೂರಿನ ಹಿರಿಯರನ್ನೇ ಕೇಳಿ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ತೋಟ ಬಿಟ್ಟು ಎದ್ದುಹೋದ ಕುಟುಂಬಗಳು ನಿಮ್ಮ ಸುತ್ತಮುತ್ತಲೇ ಇವೆ. ಈಗ ಅದೇ ನದಿಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಭೂಗತ ವಿದ್ಯುತ್ ಯೋಜನೆಯ ಮಾತಿದೆ. ಅದು ಹೊಸದಾಗಿ ಕರೆಂಟ್ ಹುಟ್ಟಿಸುವುದಿಲ್ಲ. ಕರೆಂಟ್ ಮಿಕ್ಕಾಗ ನೀರು ಮೇಲೆತ್ತಿ, ಬೇಡಿಕೆ ಏರಿದ ಹೊತ್ತಿನಲ್ಲಿ ಕೆಳಗೆ ಬಿಡುವುದಕ್ಕೆ ಇರುವುದು. ಆ ಏರುವ ಹೊತ್ತು ಅಂದರೆ ನಮ್ಮೆಲ್ಲರ ಗೀಸರು, ಮೋಟಾರು, ಎಸಿ ಒಟ್ಟಿಗೆ ಹತ್ತಿಕೊಳ್ಳುವ ಹೊತ್ತು. ಬೆಟ್ಟ ಕೊರೆಯುವ ಮೊದಲು ಆ ಏರನ್ನು ತಗ್ಗಿಸಲು ಮಾಡಬೇಕಾದ್ದನ್ನೆಲ್ಲ ಮಾಡಬೇಕು ಅನ್ನುವವಳು ನಾನು.

ಇದನ್ನು ನಮ್ಮವರೇ ಒಬ್ಬರು ಬಹಳ ಹಿಂದೆ ಲೆಕ್ಕ ಸಮೇತ ಹೇಳಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಮತ್ತು ಸಂಗಡಿಗರು. ಕರ್ನಾಟಕಕ್ಕೆ 2000ನೇ ಇಸವಿಗೆ ಎಷ್ಟು ವಿದ್ಯುತ್ ಬೇಕು ಅಂತ ಸರಕಾರದ ದೀರ್ಘಾವಧಿ ಯೋಜನೆ ಅಂದಾಜು ಮಾಡಿತ್ತು. ಅದರ ಅರ್ಧಕ್ಕಿಂತ ಕಡಿಮೆಯಲ್ಲಿ, ಎಲ್ಲ ಮನೆಗೂ ದೀಪ ಕೊಟ್ಟೂ, ರಾಜ್ಯ ನಡೆಸಬಹುದು ಅಂತ ಅವರು ತೋರಿಸಿದರು. ಜನಕ್ಕೆ ಬೇಕಾದದ್ದು ಬೆಳಕು, ನೀರು, ಬಿಸಿ, ತಂಪು; ಅದನ್ನು ಎಷ್ಟು ಕಡಿಮೆ ಕರೆಂಟಿನಲ್ಲಿ ಕೊಡಬಹುದು ಅಂತ ಮೊದಲು ಕೇಳಿ, ಅಣೆಕಟ್ಟಿನ ಮಾತು ಆಮೇಲೆ ಅನ್ನುವುದು ಅವರ ವಾದ. 2023ರ ಅಕ್ಟೋಬರ್ ನೆನಪಿದೆಯಲ್ಲ? ಮಳೆ ಕೈಕೊಟ್ಟು, ಜಲಾಶಯಗಳಲ್ಲಿ ನೀರಿಲ್ಲದೆ, ರೈತರ ಪಂಪ್‌ಸೆಟ್ಟಿಗೆ ಕರೆಂಟ್ ಸಿಗದೆ ಪೈರು ಒಣಗಿತು. ಆಗ ನಿಮ್ಮ ಮನೆಯಲ್ಲಿ ಉಳಿದ ಯೂನಿಟ್ ಯಾರದೋ ಗದ್ದೆಗೆ ಹೋಗಬಹುದಿತ್ತು.

ಕಲಬುರಗಿಯಲ್ಲಿ ಟೇಲರಿಂಗ್ ಅಂಗಡಿ ಇದೆ. ಮೇಲಿನ ಮಹಡಿ, ಆರು ಪವರ್ ಮಷಿನ್. ಬೇಸಿಗೆಯಲ್ಲಿ ಕೆಲಸದವರು ಬೆಂದುಹೋಗುತ್ತಾರೆ. ಒಂದೂವರೆ ಟನ್ನಿನ ಎಸಿ ಹಾಕಿಸಲೇ?
— ಟೇಲರ್, ಕಲಬುರಗಿ

ಎಸಿಗೆ ಮೊದಲು ಮಷಿನ್ನುಗಳ ಕೆಳಗೆ ಬಗ್ಗಿ ನೋಡಿ. ಹೊಲಿಗೆ ನಿಲ್ಲಿಸಿದಾಗಲೂ ಮೋಟಾರ್ ಗುಂಯ್ಗುಡುತ್ತಿದ್ದರೆ ಅದು ಕ್ಲಚ್ ಮೋಟಾರ್. ಬಟ್ಟೆ ಜೋಡಿಸುವಾಗ, ನೂಲು ಕತ್ತರಿಸುವಾಗ, ಚಹಾ ಕುಡಿಯುವಾಗ ಎಲ್ಲ ತಿರುಗುತ್ತಲೇ ಇರುತ್ತದೆ, ಕೋಣೆಯನ್ನೂ ಕಾಯಿಸುತ್ತದೆ. ಸರ್ವೋ ಮೋಟಾರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ಸದ್ದೂ ಇಲ್ಲ. ಮಷಿನ್ ಅದೇ ಇರಲಿ, ಮೋಟಾರನ್ನಷ್ಟೇ ಬದಲಾಯಿಸಬಹುದು. ಹೆಚ್ಚು ಓಡುವ ಎರಡರಿಂದ ಶುರು ಮಾಡಿ.

ಎರಡನೆಯದು ಮಾಳಿಗೆ. ನಿಮ್ಮ ಬಿಸಿಲು ಇಳಿಯುವುದು ಅಲ್ಲಿಂದಲೇ. ಮಾರ್ಚ್ ಬರುವ ಮೊದಲೇ ಮಾಳಿಗೆ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಕೋಟ್ ಬಳಿಸಿ. ಇಸ್ತ್ರಿ ಮೇಜನ್ನು ಕಿಟಕಿ ಪಕ್ಕಕ್ಕೆ ಎಳೆಯಿರಿ.

ಇಷ್ಟಾದ ಮೇಲೆ ಕೂಲರ್. ಮಂಗಳೂರಿನವರು ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅಲ್ಲಿನ ಹಸಿ ಗಾಳಿಯಲ್ಲಿ ನೀರು ಆರುವುದಿಲ್ಲ. ನಿಮ್ಮ ಒಣ ಸೆಕೆಗೆ ಅದು ಹೇಳಿಮಾಡಿಸಿದ್ದು. 200 ವ್ಯಾಟಿನ ಕೂಲರ್ ಎಂಟು ಗಂಟೆಗೆ 1.6 ಯೂನಿಟ್. ಒಂದೂವರೆ ಟನ್ ಎಸಿ ಕಂಪ್ರೆಸರ್ ಓಡುವಾಗ 1500 ವ್ಯಾಟ್ ಆಸುಪಾಸು ಎಳೆಯುತ್ತದೆ. ಕೂಲರಿನ ಎದುರು ಬದಿಯ ಕಿಟಕಿ ತೆರೆದಿರಲಿ, ಮುಚ್ಚಿದ ಕೋಣೆಯಲ್ಲಿ ಅದು ಬರೀ ಜಿಗುಟು. ಒಂದು ಬೇಸಿಗೆ ಹೀಗೆ ನಡೆಸಿ, ಮಧ್ಯಾಹ್ನ ಮೂರಕ್ಕೆ ಮಷಿನ್ ಮುಂದೆ ಕೂರುವವರನ್ನೇ ಕೇಳಿ. ಸಾಲದು ಅಂದರೆ ಐದು ಸ್ಟಾರಿನ ಇನ್ವರ್ಟರ್ ಎಸಿ ತಂದು, 26ಕ್ಕೆ ಇಟ್ಟು, ಮೇಲೆ ಫ್ಯಾನ್ ಹಾಕಿ.