ದಂತ ಕೇಳಬೇಡಿ, ಎಲುಬು ಕೇಳಿ: ಗುಂಪಾಗಿ ಸ್ಕ್ರಿಮ್‌ಶಾ ಚಾಕು ಮಾಡಿಸುವವರಿಗೆ

ಮಡಚು ಚಾಕುವಿನ ಹಿಡಿಕೆಯನ್ನು ಸೂಜಿಯಿಂದ ಗೀರಿ, ಗೀರಿದಲ್ಲಿ ಮಸಿ ತುಂಬಿ ಬಿಡಿಸುವ ಸ್ಕ್ರಿಮ್‌ಶಾ ಚಿತ್ರಗಳ ಹುಚ್ಚು ನಮ್ಮ ಕಡೆಯ ಸಂಗ್ರಾಹಕರಿಗೂ ಹತ್ತಿದೆ, ಅದು ನನಗೆ ಸಂತೋಷದ ಸಂಗತಿ. ಆದರೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಅದೇ ಪ್ರಶ್ನೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನಾವು ಹುಬ್ಬಳ್ಳಿ-ಧಾರವಾಡದ ಹನ್ನೆರಡು ಮಂದಿ. ಒಂದೇ ಮಾದರಿಯ ಚಾಕು, ಒಬ್ಬೊಬ್ಬರದಕ್ಕೆ ಒಂದೊಂದು ಚಿತ್ರ ಹಾಕಿಸಬೇಕೆಂದಿದ್ದೇವೆ. ರೊಕ್ಕ ಕೂಡಿಸುವ ಜವಾಬ್ದಾರಿ ನನ್ನದು. ಹಿಡಿಕೆಗೆ ದಂತ ಅಥವಾ ಜಿಂಕೆ ಕೊಂಬು ಹಾಕಿಸಬಹುದೇ? ಎಲ್ಲಿಂದ ಶುರು ಮಾಡಲಿ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಹಾಕಿಸಬಾರದು. ದಂತವೂ ಬೇಡ, ಕೊಂಬೂ ಬೇಡ. ಹತ್ತೊಂಬತ್ತನೇ ಶತಮಾನದಲ್ಲಿ ತಿಮಿಂಗಿಲ ಬೇಟೆಯ ಹಡಗಿನವರು ತಿಮಿಂಗಿಲದ ಹಲ್ಲಿನ ಮೇಲೆ ಈ ಕೆಲಸ ಮಾಡುತ್ತಿದ್ದರು, ನಿಜ. ಇವತ್ತು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 1986ರ ತಿದ್ದುಪಡಿ ದೇಶದ ಆನೆದಂತದ ವ್ಯಾಪಾರ ನಿಲ್ಲಿಸಿತು, 1991ರ ತಿದ್ದುಪಡಿ ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ‘ಇದು ಮ್ಯಾಮತ್ ದಂತ, ಎಂದೋ ಅಳಿದುಹೋದ ಆನೆಜಾತಿಯದು, ಇದಕ್ಕೆ ಅಡ್ಡಿಯಿಲ್ಲ’ ಅನ್ನುವವನೊಬ್ಬ ನಿಮ್ಮ ಗುಂಪಿನಲ್ಲೂ ಇದ್ದೇ ಇರುತ್ತಾನೆ. ಮ್ಯಾಮತ್ತಿಗೂ ಆನೆಗೂ ಇರುವ ವ್ಯತ್ಯಾಸ ದಂತವನ್ನು ಅಡ್ಡ ಕೊಯ್ದಾಗ ಕಾಣುವ ಗೆರೆಗಳ ಕೋನದಲ್ಲಿದೆ. ಚಾಕುವಿನ ಹಿಡಿಕೆಗೆ ದಂತವನ್ನು ಉದ್ದಕ್ಕೆ ಕೊಯ್ಯುತ್ತಾರೆ, ಆ ಗೆರೆಗಳು ಕಾಣುವುದೇ ಇಲ್ಲ. ಅಧಿಕಾರಿ ಎದುರು ಏನು ತೋರಿಸುತ್ತೀರಿ?

ಕೊಂಬಿನ ವಿಷಯಕ್ಕೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ‘ಕಾಡಿನಲ್ಲಿ ತಾನಾಗೇ ಉದುರಿದ ಚಿಗರಿ ಕೊಂಬು, ಯಾರನ್ನೂ ಕೊಂದಿಲ್ಲ’ ಎಂದು ಮೊಬೈಲಿನಲ್ಲಿ ಫೋಟೊ ಕಳಿಸಿ ಮಾರುವವರಿದ್ದಾರೆ. ರಾಣೆಬೆನ್ನೂರಿನಲ್ಲಿ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆಂದೇ ಅಭಯಾರಣ್ಯ ಇಟ್ಟುಕೊಂಡ ಜಿಲ್ಲೆಯ ಪಕ್ಕದಲ್ಲಿ ಕೂತು ಇದನ್ನು ನಂಬುತ್ತೀರಾ? ಚಿಗರಿ ಕೊಂಬು ಉದುರುವುದಿಲ್ಲ. ಉದುರುವುದು ಚುಕ್ಕೆ ಜಿಂಕೆಯದು, ಕಡವೆಯದು. ಚಿಗರಿ ಕೊಂಬು ಕೈಗೆ ಬಂದಿದೆ ಅಂದರೆ ಪ್ರಾಣಿ ಸತ್ತಿದೆ. ಉದುರಿದ ಕಡವೆ ಕೊಂಬನ್ನಾದರೂ ಕಾಡಿನಿಂದ ಎತ್ತಿ ತಂದು ಮಾರುವಂತಿಲ್ಲ. ಕಾಯ್ದೆಯ ಅತಿ ರಕ್ಷಿತ ಪಟ್ಟಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಜೈಲು. ಗುಂಪಿನ ರೊಕ್ಕ ನಿಮ್ಮ ಖಾತೆಯಿಂದ ಹೋಗಿರುತ್ತದೆ, ಹೆಸರೂ ನಿಮ್ಮದೇ ಬರುತ್ತದೆ.

ಹಾಗಾದರೆ ಏನು ಹಾಕಿಸಬೇಕು? ಒಂಟೆ ಎಲುಬು, ಎಮ್ಮೆ ಎಲುಬು, ಅಥವಾ ದಂತದ ಬಣ್ಣದ ಮೈಕಾರ್ಟಾ, ಅಂದರೆ ಬಟ್ಟೆ ಇಲ್ಲವೇ ಕಾಗದದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ. ಮೊದಲ ಸಲ ಗುಂಪು ಕಟ್ಟುವವರಿಗೆ ನಾನು ಮೈಕಾರ್ಟಾ ಅನ್ನುತ್ತೇನೆ: ಎಲುಬಿನಲ್ಲಿರುವಂಥ ಸೆಲೆ (ಸಣ್ಣ ತೂತು) ಇಲ್ಲ, ನಮ್ಮ ಏಪ್ರಿಲ್ ಬಿಸಿಲಿಗೆ ಸೀಳುವುದಿಲ್ಲ, ಹನ್ನೆರಡೂ ಒಂದೇ ಬಣ್ಣ ಬರುತ್ತವೆ. ಎಲುಬೇ ಬೇಕೆಂದರೆ ಬಿಲ್ ಕೊಡುವವರಿಂದ ಒಂದೇ ಸಲ, ಒಂದೇ ಲಾಟಿನಲ್ಲಿ ತರಿಸಿ, ಹಿಡಿಕೆಯ ಎರಡೂ ಬದಿಗೆ ಕೂರುವ ಪಟ್ಟಿಗಳು ಎರಡು ಜೋಡಿ ಹೆಚ್ಚಿಗೆ ಇರಲಿ. ರಾಜಸ್ಥಾನದಲ್ಲಿ, ಉತ್ತರ ಪ್ರದೇಶದ ಸಂಭಲ್‌ನಲ್ಲಿ ಎಲುಬಿನ ಕಸಬಿನವರಿದ್ದಾರೆ. ಬಂದ ಪಟ್ಟಿಗಳನ್ನು ಬಿಳಿ ಹಾಳೆಯ ಮೇಲಿಟ್ಟು ಕೆಲವು ದಿನ ಬೆಚ್ಚಗಿನ ಜಾಗದಲ್ಲಿ ಬಿಡಿ. ಹಾಳೆಗೆ ಎಣ್ಣೆ ಕಲೆ ಬಿದ್ದರೆ ಜಿಡ್ಡು ಸರಿಯಾಗಿ ತೆಗೆದಿಲ್ಲ ಎಂದು ತಿಳಿಯಿರಿ, ಮುಂದೆ ಅದು ಹಳದಿಗಟ್ಟುತ್ತದೆ, ವಾಪಸ್ ಕಳಿಸಿ. ಬಿಳುಪು ಮಾಡಲು ಬ್ಲೀಚಿಂಗ್ ಪೌಡರ್ ಹಾಕಿದ್ದಾರಾ ಎಂದೂ ಕೇಳಿ. ಅದು ಎಲುಬಿನ ಜೀವವನ್ನೇ ತಿನ್ನುತ್ತದೆ, ಮೈ ಸುಣ್ಣದ ಹಾಗೆ ಉದುರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬಿಳುಪು ಮಾಡಿದ್ದೇ ಆಗಬೇಕು.

ಈಗ ಗುಂಪಿನ ವಿಷಯ. ‘ಯಾರಿಗೆ ಏನು ಬೇಕು ಹೇಳ್ರಿ’ ಎಂದು ಕೇಳಿದಿರೋ, ಕೆಲಸ ಅಲ್ಲಿಗೇ ನಿಂತಿತು. ಒಬ್ಬನಿಗೆ ಎರಡು ಅಲಗು, ಇನ್ನೊಬ್ಬನಿಗೆ ಹಿತ್ತಾಳೆ, ಮತ್ತೊಬ್ಬನಿಗೆ ಬೇರೆ ಉಕ್ಕು. ಚಾಕುವಿನ ಅಳತೆ, ಉಕ್ಕು, ಹಿಡಿಕೆ ಇವನ್ನು ನೀವೇ ನಿಶ್ಚಯಿಸಿ ಹೇಳಿ, ಒಪ್ಪಿದವರು ಬರಲಿ. ಆಯ್ಕೆ ಚಿತ್ರದಲ್ಲಿ ಮಾತ್ರ. ಮಡಚಿದಾಗ ನಾಲ್ಕು ಇಂಚು, ಒಂದೇ ಅಲಗು, ಬೆನ್ನ ಸ್ಪ್ರಿಂಗಿನ ಸಾದಾ ಚಾಕು ಸಾಕು. ಉಕ್ಕಿಗೆ ಇಎನ್ 31 ಚೆನ್ನಾಗಿದೆ, ಆದರೆ ಅದು ತುಕ್ಕು ಹಿಡಿಯುವ ಉಕ್ಕು. ಧಾರವಾಡದ ಮಳೆಗಾಲದಲ್ಲಿ ಒರೆಸಿ ಎಣ್ಣೆ ಹಚ್ಚದ ಮಂದಿ ನಿಮ್ಮಲ್ಲಿದ್ದರೆ ಸುಲಭಕ್ಕೆ ತುಕ್ಕು ಹಿಡಿಯದ 440ಸಿ ಸ್ಟೇನ್‌ಲೆಸ್ ಉಕ್ಕು ಹಾಕಿಸಿ.

ಚಿತ್ರಕ್ಕೆ ಸಿಗುವ ಜಾಗ ಎಷ್ಟು ಎಂದು ಯಾರೂ ಅಳೆಯುವುದಿಲ್ಲ. ಆ ಅಳತೆಯ ಚಾಕುವಿನಲ್ಲಿ ಎರಡೂ ತುದಿಯ ಲೋಹದ ಪಟ್ಟಿ ಬಿಟ್ಟರೆ ಉಳಿಯುವುದು ಹೆಚ್ಚೂಕಡಿಮೆ ಎರಡೂವರೆ ಇಂಚು ಉದ್ದ, ಅರ್ಧ ಇಂಚು ಎತ್ತರ. ಅದರಲ್ಲಿ ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯನ್ನು ಶಿಖರ ಸಮೇತ ಬಿಡಿಸಿ ಎಂದು ಫೋಟೊ ಕೊಡುತ್ತಾರೆ. ಬರುವುದಿಲ್ಲ, ಬಂದರೂ ಮಸಿಯ ಮುದ್ದೆ. ಅದೇ ಗುಡಿಯ ಬಾಗಿಲವಾಡದ ಒಂದು ಬಳ್ಳಿಸುತ್ತು ತೆಗೆದುಕೊಳ್ಳಿ, ಅದು ಅಡ್ಡಕ್ಕೆ ಹರಿಯುವ ಚಿತ್ರ, ಜಾಗಕ್ಕೆ ಹೊಂದುತ್ತದೆ. ಹಿಡಿಕೆಗೆ ಹೊಡೆಯುವ ಮೊಳೆ ಎಲ್ಲಿ ಬರುತ್ತದೆ ಎಂದು ಮೊದಲೇ ಗುರುತು ಹಾಕಿಸಿ, ಇಲ್ಲದಿದ್ದರೆ ಅದು ಮುಖದ ಹಣೆಯ ಮೇಲೇ ಬಂದು ಕೂರುತ್ತದೆ. ನಿಜ ಅಳತೆಯಲ್ಲಿ ಪೆನ್ಸಿಲ್ ಚಿತ್ರ ಬಿಡಿಸಿಸಿ, ಪ್ರತಿಯೊಬ್ಬರಿಂದಲೂ ಅದರ ಮೇಲೆ ಸಹಿ ಹಾಕಿಸಿಕೊಳ್ಳಿ. ಸಹಿ ಆದಮೇಲೆ ಬದಲಾವಣೆ ಇಲ್ಲ. ಗೀರಿದ ಗೆರೆಯನ್ನು ಅಳಿಸಲು ಆಗುವುದಿಲ್ಲ, ಇಡೀ ಮೈಯನ್ನೇ ತಿಕ್ಕಿ ಇಳಿಸಬೇಕಾಗುತ್ತದೆ.

ಚಾಕು ಮಾಡುವವರು ಬೇರೆ, ಚಿತ್ರ ಗೀರುವವರು ಬೇರೆ. ಇಬ್ಬರಿಗೂ ಬೇರೆ ಮುಂಗಡ, ಬೇರೆ ಒಪ್ಪಂದ. ಚಾಕು ಪೂರ್ತಿ ಮುಗಿದು, ಹಿಡಿಕೆ ಕನ್ನಡಿಯಂತೆ ಪಾಲಿಶ್ ಆದಮೇಲೇ ಚಿತ್ರದವರ ಕೈಗೆ ಹೋಗಬೇಕು, ಅಲಗಿಗೆ ಟೇಪ್ ಸುತ್ತಿ. ಮೊದಲೇ ಗೀರಿಸಿ ಆಮೇಲೆ ಪಾಲಿಶ್ ಹಿಡಿದರೆ ಸಣ್ಣ ಗೆರೆಗಳೆಲ್ಲ ಹೋಗುತ್ತವೆ. ಎಲುಬಾದರೆ ಮಸಿ ತುಂಬುವ ಮೊದಲು ಮೇಣದಿಂದ ಅದರ ಸೆಲೆ ಮುಚ್ಚಿರಬೇಕು, ಇಲ್ಲವೆಂದರೆ ಕಪ್ಪು ಅಕ್ಕಪಕ್ಕ ಹರಡುತ್ತದೆ.

ರೊಕ್ಕ ಕೂಡಿಸುವುದು ಕೊನೆಗೆ. ಮೊದಲು ನಿಮ್ಮ ಖರ್ಚಿನಲ್ಲಿ ಒಂದು ಮಾದರಿ ಮಾಡಿಸಿ, ಕಿಸೆಯಲ್ಲಿಟ್ಟು ಓಡಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲರ ಕೈಗೂ ಕೊಡಿ. ಆಮೇಲೆ ಹೆಸರು ಬರೆಸಿಕೊಳ್ಳಿ, ಆಮೇಲೆ ಮೂರನೇ ಒಂದು ಭಾಗ ಮುಂಗಡ. ಹಿಡಿಕೆ ಪಟ್ಟಿ ಕೊಯ್ದ ಮೇಲೆ ಹಿಂದೆ ಸರಿದರೆ ಮುಂಗಡ ವಾಪಸ್ ಇಲ್ಲ, ಅವರ ಜಾಗಕ್ಕೆ ಕಾಯುವ ಪಟ್ಟಿಯವರು ಎಂದು ಬರೆದು ಸಹಿ ಮಾಡಿಸಿ. ಗೆಳೆಯರ ನಡುವೆ ಸಹಿ ಏಕೆ ಅನ್ನುವವರನ್ನು ಪಟ್ಟಿಯಿಂದ ಬಿಡಿ. ಈ ರೊಕ್ಕ ಮನೆಯ ಖಾತೆಯಲ್ಲಿ ಬೆರೆಸಬೇಡಿ, ಪ್ರತಿ ಬಿಲ್ಲನ್ನೂ ಎಲ್ಲರಿಗೂ ತೋರಿಸಿ. ಚಿತ್ರದವರಿಗೆ ದಸರಾ, ದೀಪಾವಳಿ ಎಂದು ಗಡುವು ಹಾಕಬೇಡಿ. ಭೂತಗನ್ನಡಿ ಕೆಳಗೆ ಚುಕ್ಕೆ ಚುಕ್ಕೆಯಾಗಿ ನೆರಳು ತುಂಬುವ ಕೆಲಸ ಅದು, ಕಣ್ಣು ದಣಿದಾಗ ನಿಲ್ಲಿಸುವ ಹಕ್ಕು ಅವರಿಗಿದೆ.

ಒಂದು ಮಾತು. ಲೇಸರ್‌ನಲ್ಲಿ ಸುಟ್ಟು ‘ಕೈಕೆಲಸ’ ಎಂದು ಕೊಡುವವರು ಹೆಚ್ಚಾಗಿದ್ದಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ನೋಡಿ. ಲೇಸರ್ ಚುಕ್ಕೆಗಳು ಸಾಲು ಹಿಡಿದು ಒಂದೇ ಗಾತ್ರದಲ್ಲಿರುತ್ತವೆ, ಎಲುಬಾದರೆ ಅಂಚು ಕಂದಿರುತ್ತದೆ. ಕೈಯ ಚುಕ್ಕೆ ಒಂದು ಆಳ, ಒಂದು ತೆಳು.

ಪ್ರಶ್ನೆ: ಕಾಯಿಸಿದ ಸೂಜಿ ಚುಚ್ಚಿದರೆ ಅಸಲಿ-ನಕಲಿ ತಿಳಿಯುತ್ತದಂತೆ? — ಧಾರವಾಡ

ರಾಳದ ನಕಲಿಯಾದರೆ ಕರಗಬಹುದು, ಅಸಲಿಯಾದರೆ ನಿಮ್ಮದೇ ಚಾಕುವಿಗೆ ಸುಟ್ಟ ಗುರುತು ಬೀಳುತ್ತದೆ. ಲೂಪ್ ತೆಗೆದುಕೊಳ್ಳಿ. ಎಲುಬಿನಲ್ಲಿ ಸಣ್ಣ ಸಣ್ಣ ಕಪ್ಪು ಸೆಲೆಗಳು ಕಾಣುತ್ತವೆ.

ಪ್ರಶ್ನೆ: ಚಿತ್ರದ ಚಾಕುವನ್ನು ಚರ್ಮದ ಚೀಲದಲ್ಲಿ ಇಡಬಹುದೇ? — ಹಾವೇರಿ

ಒಯ್ಯಲು ಆಗಬಹುದು, ಇಡಲು ಬೇಡ. ಚರ್ಮ ಅಲಗನ್ನು ತಿನ್ನುತ್ತದೆ. ಸ್ಪಿರಿಟ್, ಸ್ಯಾನಿಟೈಸರ್ ಹಿಡಿಕೆಗೆ ತಾಗಿಸಬೇಡಿ.

ಪ್ರಶ್ನೆ: ಗುಂಡಿ ಒತ್ತಿದರೆ ತೆರೆಯುವ ಚಾಕು ಮಾಡಿಸಬಹುದೇ? — ಹುಬ್ಬಳ್ಳಿ

ಬೇಡ. ನಾನು ಅಂಥದ್ದಕ್ಕೆ ಸಲಹೆ ಕೊಡುವುದಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಚಾಕುವಿಗೆ ಚಿಗರಿ ಕೊಂಬಿನ ಹಿಡಿಕೆ ಇದೆ, ಕಾಗದಪತ್ರ ಇಲ್ಲ. ಅದರ ಮೇಲೆ ಸ್ಕ್ರಿಮ್‌ಶಾ ಮಾಡಿಸಿ ಮಾರಬಹುದೇ? — ಗದಗ

ಮಾರುವಂತಿಲ್ಲ. ಮಾಲೀಕತ್ವದ ಪ್ರಮಾಣಪತ್ರ ಇದ್ದವರೂ ಮಾರುವಂತಿಲ್ಲ, ನಿಮ್ಮಲ್ಲಿ ಅದೂ ಇಲ್ಲ. ಇಂಥ ವಸ್ತುಗಳನ್ನು ಘೋಷಿಸಲು 2003ರಲ್ಲಿ ಕೊಟ್ಟ 180 ದಿನಗಳ ಗಡುವು ಎಂದೋ ಮುಗಿದಿದೆ. ಹಿಡಿಕೆ ಬಿಚ್ಚಲು, ಗೀರಲು ಯಾರ ಕೈಗೂ ಕೊಡಬೇಡಿ, ಫೋಟೊ ತೆಗೆದು ಗುಂಪುಗಳಲ್ಲಿ ಹಾಕಬೇಡಿ. ಮೊದಲು ಒಬ್ಬ ವಕೀಲರನ್ನು ಕಂಡು, ಅವರ ಜೊತೆಗೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ.